"ಯಾವ ಟೆಸ್ಟ್ ಹಾಕಲಿ?" ಅನ್ನುವ ಮೊದಲು: ಸಂಶೋಧನೆಯ ವಿನ್ಯಾಸ ಮತ್ತು ಸಂಖ್ಯಾಶಾಸ್ತ್ರದ ಪರೀಕ್ಷೆಗಳ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಸಲ್ಲಿಸುವ ತಿಂಗಳು ಬಂತೆಂದರೆ ನನಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. "ಸರ್, ಡೇಟಾ ಎಲ್ಲಾ ರೆಡಿ ಇದೆ, ಯಾವ ಟೆಸ್ಟ್ ಹಾಕಲಿ?" ಎಕ್ಸೆಲ್ ಹಾಳೆ ತೆರೆದರೆ ನೂರಾರು ಸಾಲು, ಮೂವತ್ತು ನಲವತ್ತು ಕಾಲಮ್. ನಾನು ಟೆಸ್ಟಿನ ಹೆಸರು ಹೇಳುವುದಿಲ್ಲ, ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಈ ಜನ ನಿಮಗೆ ಹೇಗೆ ಸಿಕ್ಕರು? ಯಾರು ಯಾವ ಗುಂಪಿಗೆ ಹೋಗಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಏನನ್ನು ಅಳೆದಿರಿ, ಒಬ್ಬರನ್ನು ಎಷ್ಟು ಸಲ ಅಳೆದಿರಿ?

ಈ ಮೂರಕ್ಕೆ ಉತ್ತರ ಸಿಕ್ಕರೆ ಟೆಸ್ಟಿನ ಹೆಸರು ತಾನಾಗಿಯೇ ಬರುತ್ತದೆ. ಸಿಗದಿದ್ದರೆ ಯಾವ ಟೆಸ್ಟ್ ಹಾಕಿದರೂ ಬರುವ ಸಂಖ್ಯೆಗೆ ಅರ್ಥವಿಲ್ಲ. ನಮ್ಮ ಕಾಲೇಜುಗಳಲ್ಲಿ ಪಾಠ ನಡೆಯುವುದು ಉಲ್ಟಾ ಕ್ರಮದಲ್ಲಿ: ಮೊದಲು ಸೂತ್ರ, ಆಮೇಲೆ ಲೆಕ್ಕ, ಕೊನೆಗೆ ಸಮಯ ಉಳಿದರೆ ವಿನ್ಯಾಸ. ಇಲ್ಲಿ ನಾನು ಕ್ರಮ ತಿರುಗಿಸುತ್ತೇನೆ. ಒಂದು ನಿಜವಾದ ಅಧ್ಯಯನವನ್ನು ಕೈಯಲ್ಲಿ ಹಿಡಿದುಕೊಂಡು ಶುರುವಿನಿಂದ ಕೊನೆಯವರೆಗೆ ಹೋಗೋಣ. ಅದರಲ್ಲಿ ಇದ್ದದ್ದು 107 ರೋಗಿಗಳು ಅಷ್ಟೇ, ಹಾಗಾಗಿ ಇಡೀ ಲೆಕ್ಕವನ್ನು ನೀವು ಕೈಯಲ್ಲೇ ಮಾಡಬಹುದು.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

1940ರ ದಶಕದಲ್ಲಿ ಕ್ಷಯಕ್ಕೆ ಸರಿಯಾದ ಔಷಧಿ ಇರಲಿಲ್ಲ. ಹಾಸಿಗೆಯಲ್ಲಿ ವಿಶ್ರಾಂತಿ, ಒಳ್ಳೆಯ ಗಾಳಿ, ಊಟ, ಇಷ್ಟೇ. ಕೆಲವರು ಅದರಲ್ಲೇ ಚೇತರಿಸಿಕೊಳ್ಳುತ್ತಿದ್ದರು, ಹಲವರು ಸಾಯುತ್ತಿದ್ದರು. ಅದಕ್ಕೆ ಮುಂಚೆ ಎಷ್ಟೋ ವರ್ಷ ಕ್ಷಯಕ್ಕೆ ಚಿನ್ನದ ಲವಣದ ಇಂಜೆಕ್ಷನ್ ಕೊಡುತ್ತಿದ್ದರು. ಕೊಟ್ಟವರಲ್ಲಿ ಕೆಲವರು ಗುಣವಾದರು, ಅದರಿಂದಲೇ ಗುಣವಾಯಿತು ಅಂತ ನಂಬಿದರು. ಕೊಡದವರನ್ನು ಪಕ್ಕದಲ್ಲಿಟ್ಟು ಸರಿಯಾಗಿ ಹೋಲಿಸಿ ನೋಡಿದವರು ಕಡಿಮೆ. 1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಾಗ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಆ ತಪ್ಪು ಮತ್ತೆ ಆಗಬಾರದು ಅಂತ ನಿರ್ಧರಿಸಿತು. ಅದರ ಸಂಖ್ಯಾಶಾಸ್ತ್ರದ ಕೆಲಸ ನೋಡಿಕೊಂಡವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್.

ಅವರ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಬರೆದರೆ ಹೀಗಾಗುತ್ತದೆ: ಎರಡೂ ಶ್ವಾಸಕೋಶಕ್ಕೆ ಹರಡಿ ಜೋರಾಗಿ ಬೆಳೆಯುತ್ತಿರುವ ಕ್ಷಯ ಇರುವ, 15ರಿಂದ 30 ವರ್ಷದ ರೋಗಿಗಳಲ್ಲಿ, ವಿಶ್ರಾಂತಿಯ ಜೊತೆ ದಿನಕ್ಕೆ 2 ಗ್ರಾಂ ಸ್ಟ್ರೆಪ್ಟೊಮೈಸಿನ್ ಕೊಟ್ಟರೆ, ಬರೀ ವಿಶ್ರಾಂತಿಗೆ ಹೋಲಿಸಿದಾಗ, ಆರು ತಿಂಗಳ ಕೊನೆಗೆ ಸಾವು ಕಡಿಮೆಯಾಗುತ್ತದೆಯೇ, ಎಕ್ಸ್‌ರೇ ಸುಧಾರಿಸುತ್ತದೆಯೇ?

ಈ ವಾಕ್ಯದಲ್ಲಿ ಐದು ವಿಷಯ ಇವೆ. ಯಾರಲ್ಲಿ, ಏನು ಕೊಟ್ಟರೆ, ಯಾವುದಕ್ಕೆ ಹೋಲಿಸಿ, ಏನನ್ನು ಅಳೆದು, ಎಷ್ಟು ದಿನಕ್ಕೆ. ನಿಮ್ಮ ಪ್ರಾಜೆಕ್ಟಿನ ಶೀರ್ಷಿಕೆ ತೆಗೆದು ಈ ಐದನ್ನು ಹುಡುಕಿ. "ಕಾಲೇಜು ವಿದ್ಯಾರ್ಥಿಗಳ ಮೇಲೆ ಮೊಬೈಲ್ ಬಳಕೆಯ ಪರಿಣಾಮ: ಒಂದು ಅಧ್ಯಯನ" ಅಂತ ಇದ್ದರೆ ಐದರಲ್ಲಿ ಮೂರು ಕಾಣೆಯಾಗಿವೆ ಅಲ್ವಾ? ಪರಿಣಾಮ ಯಾವುದರ ಮೇಲೆ, ನಿದ್ರೆಯೋ, ಅಂಕವೋ? ಯಾರಿಗೆ ಹೋಲಿಸಿ? ಎಷ್ಟು ಕಾಲದಲ್ಲಿ?

ಇದೇ ಹಂತದಲ್ಲಿ ಇನ್ನೊಂದು ಕೆಲಸ ಮಾಡಿ. ಒಂದು ಸಂಖ್ಯೆಯೂ ಕೈಗೆ ಬರುವ ಮುಂಚೆ, ನಿಮ್ಮ ಅಂತಿಮ ಫಲಿತಾಂಶದ ಟೇಬಲ್ ಅನ್ನು ಖಾಲಿಯಾಗಿ ಬರೆದಿಡಿ. ಸಾಲಿನಲ್ಲಿ ಏನು, ಕಾಲಮ್‌ನಲ್ಲಿ ಏನು, ಮನೆಯೊಳಗೆ ಶೇಕಡಾವಾರು ಬರುತ್ತದೋ ಸರಾಸರಿ ಬರುತ್ತದೋ. ನಾನು ಹೇಳುವ ಎಲ್ಲಾ ಸಲಹೆಗಳಲ್ಲಿ ಒಂದನ್ನು ಮಾತ್ರ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಖಾಲಿ ಟೇಬಲ್ ಬರೆಯಲು ಆಗದಿದ್ದರೆ ಪ್ರಶ್ನೆ ಇನ್ನೂ ಸ್ಪಷ್ಟವಾಗಿಲ್ಲ ಅಂತಲೇ ಅರ್ಥ, ಆಗ ಪ್ರಶ್ನಾವಳಿ ಪ್ರಿಂಟ್ ಹಾಕಿಸಲು ಓಡಬೇಡಿ.

ಹಂತ 2: ಗುಂಪು ಆದದ್ದು ಹೇಗೆ?

ಇಡೀ ವಿಷಯದ ಹೃದಯ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಿಲ್ ಅವರ ಅಧ್ಯಯನದಲ್ಲಿ ಯಾರಿಗೆ ಔಷಧಿ, ಯಾರಿಗೆ ಬರೀ ವಿಶ್ರಾಂತಿ ಅನ್ನುವುದನ್ನು ಡಾಕ್ಟರ್ ನಿರ್ಧರಿಸಲಿಲ್ಲ, ರೋಗಿಯೂ ನಿರ್ಧರಿಸಲಿಲ್ಲ. ರ್ಯಾಂಡಮ್ ಸಂಖ್ಯೆಗಳ ಪಟ್ಟಿ ನೋಡಿ ಮೊದಲೇ ಚೀಟಿ ತಯಾರಿಸಿ ಲಕೋಟೆಯಲ್ಲಿ ಹಾಕಿ ಮುಚ್ಚಿದ್ದರು. ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಂಡ ಮೇಲೆ ಲಕೋಟೆ ಒಡೆಯಬೇಕು. ಅದಕ್ಕೆ ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ಯಾಕೆ ಇಷ್ಟು ಗುಟ್ಟು? ಡಾಕ್ಟರ್ ಕೂಡ ಮನುಷ್ಯರೇ. ಮುಂದಿನ ಚೀಟಿ ಔಷಧಿಯದು ಅಂತ ಗೊತ್ತಿದ್ದರೆ, ತುಂಬಾ ನರಳುತ್ತಿರುವ ಹುಡುಗನನ್ನು ಈಗ ಸೇರಿಸೋಣ ಅಂತ ಮನಸ್ಸು ಬಂದುಬಿಡುತ್ತದೆ. ಆಗ ಔಷಧಿಯ ಗುಂಪಿನಲ್ಲಿ ಹೆಚ್ಚು ಕಾಯಿಲೆಯವರೇ ತುಂಬಿಕೊಂಡು, ಔಷಧಿ ಕೆಲಸ ಮಾಡಿದರೂ ಮಾಡದ ಹಾಗೆ ಕಾಣುತ್ತದೆ.

ಆ ಔಷಧಿ ಆಗ ಬ್ರಿಟನ್ನಿನಲ್ಲಿ ಬಹಳ ಕಡಿಮೆ ಇತ್ತು, ಎಲ್ಲರಿಗೂ ಕೊಡುವಷ್ಟು ಇರಲೇ ಇಲ್ಲ. ಹಾಗಾಗಿ ಚೀಟಿ ಎತ್ತಿ ಕೊಡುವುದು ಅನ್ಯಾಯವಲ್ಲ ಅನ್ನುವುದು ಅವರ ವಾದವಾಗಿತ್ತು. ಆದರೆ ಬರೀ ವಿಶ್ರಾಂತಿಯ ಗುಂಪಿನವರಿಗೆ ತಾವು ಒಂದು ಪ್ರಯೋಗದಲ್ಲಿದ್ದೇವೆ ಅಂತ ಹೇಳಿರಲಿಲ್ಲ. ಇವತ್ತು ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಚೀಟಿ ಎತ್ತುವುದರಿಂದ ಆಗುವ ಲಾಭ ಏನು? ವಯಸ್ಸು, ಬಡತನ, ಕಾಯಿಲೆಯ ತೀವ್ರತೆ, ನಮಗೆ ಹೊಳೆಯದೇ ಇರುವ ಇನ್ನೂ ನೂರು ವಿಷಯ, ಇವೆಲ್ಲಾ ಎರಡೂ ಗುಂಪಿಗೆ ಹೆಚ್ಚುಕಮ್ಮಿ ಸಮನಾಗಿ ಹಂಚಿಕೊಳ್ಳುತ್ತವೆ. ಪೂರ್ತಿ ಸಮ ಆಗುವುದಿಲ್ಲ. ಆದರೆ ಉಳಿಯುವ ಏರುಪೇರು ಬರೀ ಆಕಸ್ಮಿಕದ್ದು, ಆಕಸ್ಮಿಕ ಎಷ್ಟು ದೊಡ್ಡದಿರಬಹುದು ಅಂತ ಲೆಕ್ಕ ಹಾಕಲು ನಮಗೆ ಬರುತ್ತದೆ. ಸಂಖ್ಯಾಶಾಸ್ತ್ರದ ಟೆಸ್ಟ್ ಮಾಡುವುದು ಆ ಲೆಕ್ಕ ಒಂದನ್ನೇ. ಗುಂಪು ಆದ ರೀತಿಯಲ್ಲೇ ವಾಲಿಕೆ ಇದ್ದರೆ ಅದನ್ನು ಟೆಸ್ಟ್ ಸರಿಮಾಡುವುದಿಲ್ಲ.

ಇದಕ್ಕೆ ಅತ್ಯುತ್ತಮ ಸಾಕ್ಷಿ ಅಮೆರಿಕದ 1954ರ ಪೋಲಿಯೊ ಲಸಿಕೆಯ ಪ್ರಯೋಗ. ಒಂದೇ ಲಸಿಕೆ, ಒಂದೇ ವರ್ಷ, ಎರಡು ವಿನ್ಯಾಸ. ಕೆಲವು ಕಡೆ ಎರಡನೇ ತರಗತಿಯ ಮಕ್ಕಳಿಗೆ, ಹೆತ್ತವರು ಒಪ್ಪಿದರೆ, ಲಸಿಕೆ ಹಾಕಿ, ಒಂದನೇ ಮತ್ತು ಮೂರನೇ ತರಗತಿಯವರನ್ನು ಹೋಲಿಕೆಗೆ ಇಟ್ಟುಕೊಂಡರು. ಅಲ್ಲಿ ಪೋಲಿಯೊ ಬಂದ ಪ್ರಮಾಣ ಹೋಲಿಕೆಯ ಗುಂಪಿನಲ್ಲಿ ಲಕ್ಷಕ್ಕೆ 54, ಲಸಿಕೆ ಹಾಕಿಸಿಕೊಂಡವರಲ್ಲಿ 25. ಇನ್ನು ಕೆಲವು ಕಡೆ ಒಪ್ಪಿದವರ ಮಕ್ಕಳನ್ನೇ ರ್ಯಾಂಡಮ್ ಆಗಿ ಎರಡು ಭಾಗ ಮಾಡಿ, ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಉಪ್ಪುನೀರಿನಂಥ ದ್ರಾವಣ ಕೊಟ್ಟರು. ಅಲ್ಲಿ ಲಕ್ಷಕ್ಕೆ 71ರ ಎದುರು 28. ಯಾಕೆ ಈ ವ್ಯತ್ಯಾಸ? ಈ ಎರಡನೇ ವಿನ್ಯಾಸದ ಊರುಗಳಲ್ಲಿ ಒಪ್ಪದವರ ಮಕ್ಕಳಲ್ಲಿ ಪ್ರಮಾಣ ಲಕ್ಷಕ್ಕೆ 46. ಅಂದರೆ ಏನೂ ಹಾಕಿಸಿಕೊಳ್ಳದ ಮಕ್ಕಳಿಗೆ ಉಪ್ಪುನೀರು ಹಾಕಿಸಿಕೊಂಡವರಿಗಿಂತ ಕಡಿಮೆ ಪೋಲಿಯೊ! ಉಪ್ಪುನೀರಿನಿಂದ ಪೋಲಿಯೊ ಬರುವುದಿಲ್ಲ. ಒಪ್ಪಿದ ಕುಟುಂಬಗಳು ಸ್ವಲ್ಪ ಅನುಕೂಲಸ್ಥರು, ಅವರ ಮನೆ ಸ್ವಚ್ಛ. ಆ ಮಕ್ಕಳಿಗೆ ವೈರಸ್ ತಗಲುವುದು ತಡವಾಗಿ, ತಾಯಿಯಿಂದ ಬಂದ ರಕ್ಷಣೆ ಕರಗಿ ಹೋದ ಮೇಲೆ. ಹಾಗಾಗಿ ಅವರಿಗೇ ಅಪಾಯ ಜಾಸ್ತಿ. ಮೊದಲ ವಿನ್ಯಾಸದಲ್ಲಿ ಹೋಲಿಕೆಯ ಗುಂಪಿಗೆ ಒಪ್ಪದವರ ಮಕ್ಕಳೂ ಸೇರಿಕೊಂಡಿದ್ದರಿಂದ ಲಸಿಕೆಯ ಶಕ್ತಿ ಇದ್ದದ್ದಕ್ಕಿಂತ ಕಡಿಮೆ ಕಂಡಿತು. ಎರಡೂ ಕಡೆ ಸೇರಿದ ಮಕ್ಕಳು ಲಕ್ಷಗಟ್ಟಲೆ, ಆದರೂ ಮೊದಲನೆಯದರ ತಪ್ಪು ಸರಿಹೋಗಲಿಲ್ಲ.

ನೀವು ಮಾಡಬೇಕಾದದ್ದು ಸುಲಭ. 60 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಬೇಕು ಅಂದುಕೊಳ್ಳಿ. ಹಾಜರಿ ಪುಸ್ತಕದ ಮೊದಲ 30, ಆಮೇಲಿನ 30 ಅಂತ ಮಾಡಬೇಡಿ. ಬೆಳಗಿನ ಸೆಕ್ಷನ್, ಮಧ್ಯಾಹ್ನದ ಸೆಕ್ಷನ್ ಅಂತಲೂ ಬೇಡ. ಎಕ್ಸೆಲ್‌ನಲ್ಲಿ ಹೆಸರುಗಳ ಪಕ್ಕದ ಕಾಲಮ್‌ಗೆ ರ್ಯಾಂಡ್ ಫಂಕ್ಷನ್ ಹಾಕಿ. ಬಂದ ಸಂಖ್ಯೆಗಳನ್ನು ಕಾಪಿ ಮಾಡಿ ಅಲ್ಲೇ ಬರೀ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ, ಇಲ್ಲದಿದ್ದರೆ ಹಾಳೆ ಮುಟ್ಟಿದಾಗಲೆಲ್ಲಾ ಅವು ಬದಲಾಗುತ್ತವೆ. ಆ ಕಾಲಮ್ ಪ್ರಕಾರ ಸಾರ್ಟ್ ಮಾಡಿ ಮೇಲಿನ 30 ಒಂದು ಗುಂಪು. ಕಂಪ್ಯೂಟರ್ ಇಲ್ಲದಿದ್ದರೆ ಒಂದೇ ಅಳತೆಯ 60 ಚೀಟಿ, ಒಂದು ಡಬ್ಬ. ಅಷ್ಟೇ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ. ರ್ಯಾಂಡಮ್ ಆಗಿ ಜನರನ್ನು ಆಯ್ಕೆ ಮಾಡುವುದು ಬೇರೆ, ಸಿಕ್ಕ ಜನರನ್ನು ರ್ಯಾಂಡಮ್ ಆಗಿ ಹಂಚುವುದು ಬೇರೆ. ಮೊದಲನೆಯದು ಇದ್ದರೆ "ಇದು ಇಡೀ ಊರಿಗೆ ಅನ್ವಯಿಸುತ್ತದೆ" ಅನ್ನಬಹುದು. ಎರಡನೆಯದು ಇದ್ದರೆ "ಇದರಿಂದಲೇ ಹೀಗಾಯಿತು" ಅನ್ನಬಹುದು. ಹಿಲ್ ಅವರಲ್ಲಿ ಎರಡನೆಯದು ಇತ್ತು, ಮೊದಲನೆಯದು ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಿಕ್ಕಸಿಕ್ಕವರನ್ನು ಕೇಳುವುದು ಎರಡೂ ಅಲ್ಲ. ಸಿಕ್ಕವರು ಅಂದರೆ ರ್ಯಾಂಡಮ್ ಅಲ್ಲ, ದಯವಿಟ್ಟು ಇದನ್ನು ನೆನಪಿಡಿ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 24 ಲಕ್ಷ ಜನರ ಉತ್ತರ ಪಡೆದು ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು, ಗೆದ್ದದ್ದು ರೂಸ್ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ವಿಳಾಸ ಸಿಕ್ಕಿದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ, ಅದರ ಮೇಲೆ ಉತ್ತರಿಸುವ ಉತ್ಸಾಹ ಇದ್ದವರು ಮಾತ್ರ ಉತ್ತರಿಸಿದ್ದರು.

ನಮ್ಮ ನರ್ಸಿಂಗ್ ಮತ್ತು ಶಿಕ್ಷಣ ವಿಭಾಗಗಳ ಪ್ರಾಜೆಕ್ಟುಗಳಲ್ಲಿ ಒಂದು ವಿನ್ಯಾಸ ತುಂಬಾ ಕಾಣುತ್ತದೆ. ಒಂದೇ ಗುಂಪು, ಪಾಠಕ್ಕೆ ಮುಂಚೆ ಒಂದು ಪರೀಕ್ಷೆ, ಪಾಠ, ಏಳು ದಿನ ಬಿಟ್ಟು ಅದೇ ಪ್ರಶ್ನೆಗಳ ಪರೀಕ್ಷೆ. ಅಂಕ ಏರಿರುತ್ತದೆ, ಪಿ ಬೆಲೆ (ಬರೀ ಆಕಸ್ಮಿಕದಿಂದ ಇಷ್ಟು ಅಂತರ ಬರುವ ಸಂಭವ, ಹಂತ 5ರಲ್ಲಿ ವಿವರ ಇದೆ) 0.001ಕ್ಕಿಂತ ಕಡಿಮೆ ಬರುತ್ತದೆ, ಪಾಠ ಪರಿಣಾಮಕಾರಿ ಅಂತ ತೀರ್ಮಾನ. ಆದರೆ ಅದೇ ಪ್ರಶ್ನೆ ಎರಡನೇ ಸಲ ನೋಡಿದರೆ ಯಾರ ಅಂಕವೂ ಏರುತ್ತದೆ ಅಲ್ವಾ? ನಡುವೆ ಅವರು ಬೇರೆಲ್ಲೋ ಓದಿರಬಹುದು. ಪಾಠ ಇಲ್ಲದೆ ಎರಡೂ ಪರೀಕ್ಷೆ ಬರೆದ ಇನ್ನೊಂದು ಗುಂಪು ಇದ್ದರೆ ಮಾತ್ರ ಏರಿಕೆಯಲ್ಲಿ ಪಾಠದ ಪಾಲು ಎಷ್ಟು ಅಂತ ಗೊತ್ತಾಗುತ್ತದೆ. ಆ ಗುಂಪಿಗೆ ಅಧ್ಯಯನ ಮುಗಿದ ಮೇಲೆ ಪಾಠ ಮಾಡಿದರಾಯಿತು, ಯಾರಿಗೂ ನಷ್ಟವಿಲ್ಲ.

ಅಳೆಯುವವರ ಬಗ್ಗೆ ಒಂದು ಮಾತು. ಹಿಲ್ ಅಧ್ಯಯನದಲ್ಲಿ ಎಕ್ಸ್‌ರೇ ಓದಿದವರಿಗೆ ಯಾವ ರೋಗಿ ಯಾವ ಗುಂಪು ಅಂತ ಹೇಳಿರಲಿಲ್ಲ. ಅಭಿಪ್ರಾಯ ಬೆರೆಯುವ ಯಾವ ಅಳತೆ ಇದ್ದರೂ ಹೀಗೇ ಮಾಡಿ.

ಹಂತ 3: ಏನನ್ನು ಅಳೆದಿರಿ, ಯಾರನ್ನು ಎಣಿಸಿದಿರಿ

ಅಳೆದದ್ದು ಮೂರು ಬಗೆಯದ್ದಾಗಿರುತ್ತದೆ. ಹೌದು-ಇಲ್ಲ ಅಥವಾ ವರ್ಗ (ಬದುಕಿದ್ದಾರೆ, ಸತ್ತಿದ್ದಾರೆ). ಕ್ರಮ (ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಒಪ್ಪುವುದಿಲ್ಲ). ಸಂಖ್ಯೆ (ತೂಕ, ಬಿಪಿ, ಅಂಕ). ಇದು ಸುಲಭ, ಎಲ್ಲರಿಗೂ ಬರುತ್ತದೆ.

ಕಷ್ಟ ಇರುವುದು ಎಣಿಕೆಯಲ್ಲಿ. 20 ಜನರ ಬಿಪಿಯನ್ನು ಮೂರು ಮೂರು ಸಲ ನೋಡಿದರೆ 60 ಸಾಲು ಸಿಗುತ್ತದೆ, ಆದರೆ ಜನ 20 ಮಾತ್ರ. ಎರಡು ತರಗತಿ ತೆಗೆದುಕೊಂಡು ಒಂದಕ್ಕೆ ಹೊಸ ವಿಧಾನ, ಇನ್ನೊಂದಕ್ಕೆ ಹಳೆಯದು ಅಂತ ಪಾಠ ಮಾಡಿದರೆ, ಮಕ್ಕಳು 80 ಇದ್ದರೂ ನೀವು ಹಂಚಿದ್ದು ಎರಡೇ ಘಟಕಗಳನ್ನು. ಆ ತರಗತಿಯ ಮೇಷ್ಟ್ರು ಚೆನ್ನಾಗಿ ಪಾಠ ಮಾಡುವವರಾಗಿದ್ದರೆ ವಿಧಾನದ ಗುಣ ಯಾವುದು, ಮೇಷ್ಟ್ರ ಗುಣ ಯಾವುದು ಅಂತ ಬಿಡಿಸಲು ಯಾವ ಟೆಸ್ಟಿಗೂ ಆಗುವುದಿಲ್ಲ.

ಜೋಡಿಯೋ, ಬಿಡಿಯೋ ಅನ್ನುವುದು ಇನ್ನೊಂದು ಮುಖ್ಯ ವಿಷಯ. ಒಂದು ಪುಟ್ಟ ಕಾಲ್ಪನಿಕ ಉದಾಹರಣೆ ನೋಡಿ, ಪೆನ್ನು ಹಿಡಿದು ನೀವೂ ಮಾಡಿ. ಐದು ಜನ, ತರಬೇತಿಗೆ ಮುಂಚೆ ಅಂಕ 8, 12, 15, 19, 21. ಆಮೇಲೆ ಅದೇ ಕ್ರಮದಲ್ಲಿ 11, 13, 19, 21, 21. ಸರಾಸರಿ 15ರಿಂದ 17ಕ್ಕೆ ಏರಿತು. ಇವರನ್ನು ಬೇರೆ ಬೇರೆ ಹತ್ತು ಜನ ಅಂತ ತಿಳಿದು, ಎರಡು ಸರಾಸರಿ ಹೋಲಿಸುವ ಟಿ ಟೆಸ್ಟ್ ಹಾಕಿದರೆ ಟಿ ಬೆಲೆ 0.64. ಏನೂ ಇಲ್ಲ ಅಂತಾಯಿತು. ಈಗ ಒಬ್ಬೊಬ್ಬರ ಏರಿಕೆ ಬರೆಯಿರಿ: 3, 1, 4, 2, 0. ಇದರ ಸರಾಸರಿ 2, ಮಾನಕ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್, ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ) 1.58. ಅದನ್ನು 5ರ ವರ್ಗಮೂಲದಿಂದ ಭಾಗಿಸಿದರೆ 0.71. 2 ಅನ್ನು ಅದರಿಂದ ಭಾಗಿಸಿದರೆ ಟಿ ಬೆಲೆ 2.83. ಟೇಬಲ್‌ನಲ್ಲಿ 4 ಡಿಗ್ರಿ ಆಫ್ ಫ್ರೀಡಮ್‌ಗೆ (ಐದು ಜೋಡಿಯಲ್ಲಿ ಒಂದು ಕಳೆದದ್ದು) ಬೇಕಾದದ್ದು 2.78, ಅದನ್ನು ದಾಟಿತು. ಸಂಖ್ಯೆಗಳು ಅವೇ, ಉತ್ತರ ಬೇರೆ. ಮೊದಲ ಲೆಕ್ಕದಲ್ಲಿ ಜನರ ನಡುವಿನ ದೊಡ್ಡ ವ್ಯತ್ಯಾಸ, ಅಂದರೆ 8 ತೆಗೆದವನಿಗೂ 21 ತೆಗೆದವನಿಗೂ ಇರುವ ಅಂತರ, ತರಬೇತಿಯ ಸಣ್ಣ ಏರಿಕೆಯನ್ನು ಮುಳುಗಿಸಿಬಿಟ್ಟಿತ್ತು. ಒಂದೇ ವ್ಯಕ್ತಿಯನ್ನು ಎರಡು ಸಲ ಅಳೆದಿದ್ದರೆ ಜೋಡಿ ಟೆಸ್ಟೇ ಹಾಕಬೇಕು. ಆದರೂ ಹಿಂದಿನ ಹಂತದ ಮಾತು ಮರೆಯಬೇಡಿ, ಏರಿಕೆ ಇದೆ ಅಂತ ಗೊತ್ತಾಯಿತು, ತರಬೇತಿಯಿಂದಲೇ ಏರಿತು ಅಂತ ಗೊತ್ತಾಗಲಿಲ್ಲ.

ಹಂತ 4: ಎಷ್ಟು ಜನ ಬೇಕು?

"30 ಜನ ಇದ್ದರೆ ಸಾಕಂತೆ" ಅನ್ನುವ ಮಾತಿಗೆ ಆಧಾರವಿಲ್ಲ. ಎಷ್ಟು ಜನ ಬೇಕು ಅನ್ನುವುದು ನೀವು ಎಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಬೇಕು ಅನ್ನುವುದರ ಮೇಲೆ ನಿಂತಿದೆ. ಎರಡು ಸರಾಸರಿ ಹೋಲಿಸುವವರಿಗೆ ಒಂದು ಒರಟು ಲೆಕ್ಕ ಕೊಡುತ್ತೇನೆ. ಹಿಡಿಯಬೇಕಾದ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, 16 ಅನ್ನು ಅದರಿಂದ ಭಾಗಿಸಿ. ಪ್ರತಿ ಗುಂಪಿಗೂ ಅಷ್ಟು ಜನ ಬೇಕು. ಅಂಕಗಳ ಮಾನಕ ವಿಚಲನೆ 10, ಹಿಡಿಯಬೇಕಾದ ವ್ಯತ್ಯಾಸ 5 ಅಂಕ ಅಂದರೆ 0.5, ಅದರ ವರ್ಗ 0.25, ಹಾಗಾಗಿ ಗುಂಪಿಗೆ 64 ಜನ. ವ್ಯತ್ಯಾಸ 2.5 ಅಂಕ ಅಂದರೆ 256 ಜನ. ವ್ಯತ್ಯಾಸ ಅರ್ಧವಾದರೆ ಜನ ನಾಲ್ಕರಷ್ಟು ಬೇಕು. ಇಷ್ಟು ಜನ ಇದ್ದರೂ, ನಿಜವಾದ ವ್ಯತ್ಯಾಸ ಇದ್ದಾಗ ಅದು ಟೆಸ್ಟಿನಲ್ಲಿ ಕಾಣಿಸುವುದು 100ರಲ್ಲಿ 80 ಸಲ ಮಾತ್ರ.

ಇದನ್ನು ಡೇಟಾ ಸಂಗ್ರಹಿಸುವ ಮುಂಚೆ ಮಾಡಬೇಕು. ಅಷ್ಟು ಜನ ಸಿಗುವುದಿಲ್ಲ ಅಂತ ಕಂಡರೆ ಪ್ರಶ್ನೆಯನ್ನೇ ಬದಲಿಸಿ, ಈಗ ಬದಲಿಸುವುದಕ್ಕೆ ಖರ್ಚಿಲ್ಲ.

ಹಂತ 5: ಪಿ ಬೆಲೆಯನ್ನು ಚೀಟಿಯಲ್ಲಿ ನೋಡಿ

ಈಗ 107 ರೋಗಿಗಳಿಗೆ ಮರಳೋಣ. ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಔಷಧಿಯ ಗುಂಪಿನ 55 ಜನರಲ್ಲಿ 4 ಜನ ಸತ್ತಿದ್ದರು, ವಿಶ್ರಾಂತಿಯ ಗುಂಪಿನ 52 ಜನರಲ್ಲಿ 14 ಜನ. ಒಟ್ಟು 18 ಸಾವು.

ಅನುಮಾನ ಪಡುವವರ ವಾದ ಹೀಗಿರುತ್ತದೆ: "ಔಷಧಿಗೆ ಏನೂ ಶಕ್ತಿ ಇಲ್ಲ, ಆ 18 ಜನ ಯಾವ ಗುಂಪಿನಲ್ಲಿದ್ದರೂ ಸಾಯುವವರೇ, ಚೀಟಿ ಎತ್ತುವಾಗ ಅವರಲ್ಲಿ ಜಾಸ್ತಿ ಜನ ಆಕಸ್ಮಿಕವಾಗಿ ವಿಶ್ರಾಂತಿಯ ಗುಂಪಿಗೆ ಹೋದರು." ನಲ್ ಹೈಪಾಥಿಸಿಸ್ ಅಂದರೆ ಇದೇ. ಪುಸ್ತಕದಲ್ಲಿ ಶೂನ್ಯ ಪ್ರಾಕ್ಕಲ್ಪನೆ ಅಂತ ಬರೆದಿರುತ್ತಾರೆ.

ಈ ವಾದವನ್ನು ಮನೆಯಲ್ಲೇ ಪರೀಕ್ಷಿಸಬಹುದು. 107 ಚೀಟಿ ಮಾಡಿ. ಅವುಗಳಲ್ಲಿ 18 ಚೀಟಿಗಳ ಮೇಲೆ ಒಂದೊಂದು ಗುರುತು ಹಾಕಿ. ಚೆನ್ನಾಗಿ ಕಲಸಿ 55 ಚೀಟಿ ಎತ್ತಿ, ಅದರಲ್ಲಿ ಗುರುತಿನವು ಎಷ್ಟು ಅಂತ ಎಣಿಸಿ ಬರೆದುಕೊಳ್ಳಿ. ಮತ್ತೆ ಡಬ್ಬಕ್ಕೆ ಹಾಕಿ, ಕಲಸಿ, ಎತ್ತಿ. ಹೆಚ್ಚಿನ ಸಲ 8, 9, 10, 11 ಹೀಗೆ ಬರುತ್ತದೆ. 4 ಅಥವಾ ಅದಕ್ಕಿಂತ ಕಡಿಮೆ ಬರುವುದು ಸಾವಿರ ಸಲಕ್ಕೆ ಹತ್ತು ಸಲವೂ ಇಲ್ಲ. ಹಿಲ್ ಅವರಿಗೆ ಬಂದದ್ದು 4. ಹಾಗಾಗಿ ಆಕಸ್ಮಿಕ ಅನ್ನುವ ವಾದವನ್ನು ಒಪ್ಪುವುದು ಕಷ್ಟ. ಔಷಧಿಗೆ ಏನೂ ಶಕ್ತಿ ಇಲ್ಲದಿದ್ದರೂ, ಬರೀ ಚೀಟಿಯ ಆಟದಲ್ಲಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರುವ ಸಂಭವನೀಯತೆ ಎಷ್ಟು, ಅದೇ ಪಿ ಬೆಲೆ. ತರಗತಿಯಲ್ಲಿ ಚೀಟಿ ಮಾಡಿಸಿ ಎತ್ತಿಸಿದ ದಿನ ಮಕ್ಕಳಿಗೆ ಇದು ಅರ್ಥವಾದಷ್ಟು ಚೆನ್ನಾಗಿ ಬೋರ್ಡಿನ ಮೇಲೆ ಸೂತ್ರ ಬರೆದ ದಿನ ಆಗುವುದಿಲ್ಲ.

ಚೀಟಿ ಎತ್ತದೆ ಅಂದಾಜು ಮಾಡುವ ದಾರಿ ಕೈ ಸ್ಕ್ವೇರ್ ಟೆಸ್ಟ್. ಔಷಧಿಗೆ ಶಕ್ತಿ ಇಲ್ಲದಿದ್ದರೆ 55 ಜನರಲ್ಲಿ ಎಷ್ಟು ಸಾವು ನಿರೀಕ್ಷಿಸಬೇಕು? 55 × 18 ÷ 107, ಅಂದರೆ 9.25. ಇನ್ನೊಂದು ಗುಂಪಿನಲ್ಲಿ 8.75. ಬದುಕಿದವರು 45.75 ಮತ್ತು 43.25. ನಾಲ್ಕೂ ಮನೆಗಳಲ್ಲಿ ನಿಜಕ್ಕೂ ನಿರೀಕ್ಷೆಗೂ ಇರುವ ಅಂತರ 5.25. ಅದರ ವರ್ಗ 27.59. ಇದನ್ನು ನಾಲ್ಕು ನಿರೀಕ್ಷಿತ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿದರೆ 2.98, 3.15, 0.60, 0.64. ಕೂಡಿದರೆ ಸುಮಾರು 7.38. ಎರಡು ಸಾಲು ಎರಡು ಕಾಲಮ್‌ನ ಟೇಬಲ್‌ಗೆ ಗಡಿ 3.84 (ಅಲ್ಲಿ ಪಿ ಬೆಲೆ 0.05, ವ್ಯತ್ಯಾಸ ಇದೆ ಅನ್ನಲು ರೂಢಿಯಲ್ಲಿರುವ ಮಿತಿ), ಅದನ್ನು ಆರಾಮಾಗಿ ದಾಟಿದೆ. ಪಿ ಬೆಲೆ ಸುಮಾರು 0.007.

ಇದನ್ನೇ ಎಸ್‌ಪಿಎಸ್‌ಎಸ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ಗೆ ಹಾಕಿದರೆ 7.38ರ ಕೆಳಗೆ ಇನ್ನೊಂದು ಸಾಲಿನಲ್ಲಿ 6.04 ಕಾಣುತ್ತದೆ, ಪಿ 0.014. ಹುಡುಗರು ಇಲ್ಲಿ ಗಾಬರಿಯಾಗುತ್ತಾರೆ. ಎರಡನೆಯದು ಯೇಟ್ಸ್ ತಿದ್ದುಪಡಿ ಮಾಡಿದ ಬೆಲೆ, ಪ್ರತಿ ಅಂತರದಿಂದ 0.5 ಕಳೆದು ಲೆಕ್ಕ ಹಾಕಿದ್ದು. ಯಾವುದನ್ನು ವರದಿ ಮಾಡುತ್ತೀರಿ ಅಂತ ಮೊದಲೇ ತೀರ್ಮಾನಿಸಿ ಅದರ ಹೆಸರು ಬರೆಯಿರಿ. ನಿರೀಕ್ಷಿತ ಸಂಖ್ಯೆ ಯಾವುದಾದರೂ ಮನೆಯಲ್ಲಿ 5ಕ್ಕಿಂತ ಕಡಿಮೆ ಬಂದರೆ ಎರಡನ್ನೂ ಬಿಟ್ಟು ಫಿಷರ್ ಎಕ್ಸಾಕ್ಟ್ ಟೆಸ್ಟ್ ಹಾಕಿ. ಅದು ಚೀಟಿಯ ಲೆಕ್ಕವನ್ನೇ ಅಂದಾಜಿಲ್ಲದೆ ಮಾಡುತ್ತದೆ.

ಹಂತ 6: ಈಗ ಟೆಸ್ಟಿನ ಹೆಸರು

ವಿನ್ಯಾಸ ಸ್ಪಷ್ಟವಾಗಿದ್ದರೆ ಇದು ಐದು ನಿಮಿಷದ ಕೆಲಸ. ಎರಡು ವರ್ಗಗಳ ನಡುವಿನ ಸಂಬಂಧವಾದರೆ ಕೈ ಸ್ಕ್ವೇರ್. ಬೇರೆ ಬೇರೆ ಜನರ ಎರಡು ಗುಂಪಿನ ಸರಾಸರಿಗೆ ಟಿ ಟೆಸ್ಟ್, ಅದರಲ್ಲೂ ಎರಡು ಗುಂಪಿನ ಹರಡುವಿಕೆ ಸಮ ಅಂತ ಊಹಿಸದ ವೆಲ್ಚ್ ಟಿ ಟೆಸ್ಟ್ ಹಾಕಿ, ಅದರಿಂದ ನಷ್ಟ ಬಹಳ ಕಡಿಮೆ. ಅದೇ ಜನರ ಎರಡು ಅಳತೆಗೆ ಜೋಡಿ ಟಿ ಟೆಸ್ಟ್. ಮೂರು ಅಥವಾ ಜಾಸ್ತಿ ಗುಂಪಿಗೆ ಅನೋವಾ, ಅದು ವ್ಯತ್ಯಾಸ ಇದೆ ಅಂದರೆ ಯಾವ ಗುಂಪುಗಳ ನಡುವೆ ಅಂತ ನೋಡಲು ಟೂಕಿ ಟೆಸ್ಟ್. ಅಳೆದ ಎರಡೂ ವಿಷಯ ಸಂಖ್ಯೆಗಳಾದರೆ ಕೋರಿಲೇಶನ್ (ಎರಡೂ ಎಷ್ಟು ಒಟ್ಟಿಗೆ ಏರಿಳಿಯುತ್ತವೆ) ಅಥವಾ ರಿಗ್ರೆಶನ್ (ಒಂದರಿಂದ ಇನ್ನೊಂದನ್ನು ಅಂದಾಜು ಮಾಡುವುದು), ಆದರೆ ಮೊದಲು ಗ್ರಾಫಿನಲ್ಲಿ ಚುಕ್ಕೆ ಹಾಕಿ ಕಣ್ಣಲ್ಲಿ ನೋಡಿ. ಕ್ರಮದ ಅಳತೆಗೆ, ಅಥವಾ ಕಡಿಮೆ ಜನರಿದ್ದು ಒಂದು ಕಡೆ ತುಂಬಾ ವಾಲಿದ ಸಂಖ್ಯೆಗಳಿಗೆ, ಬಿಡಿ ಗುಂಪಾದರೆ ಮ್ಯಾನ್ ವಿಟ್ನಿ, ಜೋಡಿಯಾದರೆ ವಿಲ್ಕಾಕ್ಸನ್, ಮೂರು ಅಥವಾ ಜಾಸ್ತಿ ಬಿಡಿ ಗುಂಪಾದರೆ ಕ್ರುಸ್ಕಲ್ ವಾಲಿಸ್.

ಟಿ ಟೆಸ್ಟ್ ಹುಟ್ಟಿದ್ದು ಕಡಿಮೆ ಸಂಖ್ಯೆಯ ಕಷ್ಟದಿಂದಲೇ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ ಸ್ಟೂಡೆಂಟ್ ಅನ್ನುವ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು. ಬೆರಳೆಣಿಕೆಯ ಅಳತೆಗಳಿಂದ ತೀರ್ಮಾನಕ್ಕೆ ಬರಬೇಕಾದಾಗ ಹರಡುವಿಕೆಯ ಅಂದಾಜೇ ಅಲುಗಾಡುತ್ತಿರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ಅವರು ಕಂಡ ವಿಷಯ.

ಸುಮ್ನೆ ಎಲ್ಲಾ ಟೆಸ್ಟ್ ಹಾಕಿ ಯಾವುದರಲ್ಲಿ 0.05ಕ್ಕಿಂತ ಕಡಿಮೆ ಬರುತ್ತೋ ಅದನ್ನು ಬರೆಯುವ ಅಭ್ಯಾಸ ನಮ್ಮಲ್ಲಿದೆ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಏನೂ ವ್ಯತ್ಯಾಸ ಇಲ್ಲದ ಕಡೆ ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಹಾಕಿದರೆ ಕನಿಷ್ಠ ಒಂದರಲ್ಲಿ "ವ್ಯತ್ಯಾಸ ಇದೆ" ಅಂತ ಬರುವ ಸಂಭವ ಶೇ 64. ಆದ್ದರಿಂದ ಮುಖ್ಯ ಪ್ರಶ್ನೆ ಒಂದು, ಅದಕ್ಕೆ ಟೆಸ್ಟ್ ಒಂದು, ಎರಡನ್ನೂ ಮೊದಲೇ ಬರೆದಿಡಿ. ಉಳಿದವನ್ನು ಮಾಡಿ ನೋಡಿ, ಆದರೆ ಅವು ಆಮೇಲೆ ಹೊಳೆದವು ಅಂತ ಹೇಳಿ.

ಹಂತ 7: ಉತ್ತರವನ್ನು ಓದುವುದು, ಬರೆಯುವುದು

"ಪಿ 0.007, ಆದ್ದರಿಂದ ಔಷಧಿ ಕೆಲಸ ಮಾಡುವ ಸಾಧ್ಯತೆ ಶೇ 99.3" ಅಂತ ಬರೆಯಬೇಡಿ. ಪಿ ಬೆಲೆ ಹಾಗೆ ಹೇಳುವುದಿಲ್ಲ. ಔಷಧಿಗೆ ಶಕ್ತಿ ಇಲ್ಲ ಅಂತ ಇಟ್ಟುಕೊಂಡು ಹಾಕಿದ ಲೆಕ್ಕ ಅದು. ಪಿ ಸಣ್ಣದಾದಷ್ಟೂ ಪರಿಣಾಮ ದೊಡ್ಡದು ಅಂತಲೂ ಅಲ್ಲ. ಜನ ಸಾಕಷ್ಟು ಜಾಸ್ತಿ ಇದ್ದರೆ ಅರ್ಧ ಅಂಕದ ವ್ಯತ್ಯಾಸಕ್ಕೂ ಪಿ ತುಂಬಾ ಸಣ್ಣದಾಗುತ್ತದೆ.

ಹಾಗಾಗಿ ಪರಿಣಾಮದ ಗಾತ್ರವನ್ನೇ ಮುಂದೆ ಬರೆಯಿರಿ. ಹಿಲ್ ಅಧ್ಯಯನದಲ್ಲಿ ಸಾವು ಶೇ 26.9ರಿಂದ ಶೇ 7.3ಕ್ಕೆ, ಅಂದರೆ 100ಕ್ಕೆ ಸುಮಾರು 20 ಜನ ಕಡಿಮೆ. ಇದರ 95 ಶೇಕಡಾ ವಿಶ್ವಾಸಾಂತರ (ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ವ್ಯತ್ಯಾಸ ಎಷ್ಟರಿಂದ ಎಷ್ಟರೊಳಗೆ ಇರಬಹುದು ಅನ್ನುವ ಅಂದಾಜು) ಸುಮಾರು 6ರಿಂದ 33. ಈ ಅಗಲ ನೋಡಿ. ಔಷಧಿ 100ಕ್ಕೆ ಆರು ಜನರನ್ನು ಉಳಿಸುತ್ತಿರಬಹುದು, 33 ಜನರನ್ನೂ ಉಳಿಸುತ್ತಿರಬಹುದು. 107 ಜನರಿಂದ ಇಷ್ಟೇ ಹೇಳಲು ಸಾಧ್ಯ. ಮತ್ತೆ ಇದು ಆರು ತಿಂಗಳ ಮಾತು. ಆಮೇಲೆ ರೋಗಾಣುಗಳು ಔಷಧಿಗೆ ಪ್ರತಿರೋಧ ಬೆಳೆಸಿಕೊಂಡವು, ಎರಡು ಗುಂಪಿನ ನಡುವಿನ ಅಂತರ ಕುಗ್ಗಿತು. ಒಂದೇ ಔಷಧಿ ಸಾಲದು, ಜೊತೆಗೆ ಇನ್ನೊಂದು ಬೇಕು ಅನ್ನುವ ಕಡೆಗೆ ಚಿಕಿತ್ಸೆ ಹೋದದ್ದು ಹಾಗೆ.

ಪಿ 0.05ಕ್ಕಿಂತ ಜಾಸ್ತಿ ಬಂದಾಗ "ವ್ಯತ್ಯಾಸವಿಲ್ಲ" ಅಂತ ಬರೆಯುವುದು ಇನ್ನೂ ದೊಡ್ಡ ತಪ್ಪು. ಜನ ಕಡಿಮೆ ಇದ್ದು ಕಾಣದೇ ಹೋಗಿರಬಹುದು. "ಎರಡೂ ಒಂದೇ" ಅಂತ ಹೇಳಬೇಕಾದರೆ ವಿಶ್ವಾಸಾಂತರ ಕಿರಿದಾಗಿರಬೇಕು, ವಿನ್ಯಾಸ ಗಟ್ಟಿಯಾಗಿರಬೇಕು. ಇದಕ್ಕೂ ಕ್ಷಯದ್ದೇ ಉದಾಹರಣೆ ಇದೆ, ನಮ್ಮ ಪಕ್ಕದ ಮದ್ರಾಸಿನದ್ದು. 1956ರಲ್ಲಿ ಅಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳನ್ನು ರ್ಯಾಂಡಮ್ ಆಗಿ ಎರಡು ಭಾಗ ಮಾಡಿ, ಅವೇ ಔಷಧಿಗಳನ್ನು ಒಂದು ವರ್ಷ ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ (ಕ್ಷಯ ರೋಗಿಗಳು ಉಳಿದುಕೊಳ್ಳುವ ಆಸ್ಪತ್ರೆ) ಕೊಟ್ಟರು. ಮನೆಯಲ್ಲಿದ್ದವರು ಇಕ್ಕಟ್ಟಿನ ಬಡ ಮನೆಗಳವರು, ಆದರೂ ಫಲಿತಾಂಶ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿತ್ತು. ಮನೆಯವರಿಗೆ ಸೋಂಕು ಹರಡುವ ಅಪಾಯವೂ ಹೆಚ್ಚಾಗಲಿಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ, ಹಾಸಿಗೆಗಳಿಲ್ಲದ ನಮ್ಮಂಥ ದೇಶಗಳಲ್ಲಿ ಮನೆಯಲ್ಲೇ ಚಿಕಿತ್ಸೆ ಕೊಡುವುದಕ್ಕೆ ದಾರಿಯಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಶುರುವಾಯಿತು.

ಡೇಟಾ ಆಗಲೇ ಕೈಯಲ್ಲಿದ್ದರೆ

ಇಷ್ಟೆಲ್ಲಾ ಓದಿ, "ನಂದು ಆಗಲೇ ಮುಗಿದಿದೆ, ಸಿಕ್ಕವರನ್ನೇ ಕೇಳಿದ್ದೇನೆ, ಈಗೇನು ಮಾಡಲಿ" ಅಂತ ಕೂತಿರುವವರು ಇದ್ದೀರಿ ಅಂತ ನನಗೆ ಗೊತ್ತು. ಹೆದರಬೇಡಿ, ಎಸೆಯಲೂ ಬೇಡಿ. ಹೇಗೆ ಸಂಗ್ರಹಿಸಿದಿರೋ ಹಾಗೇ ಬರೆಯಿರಿ, ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಉತ್ತರಿಸಲಿಲ್ಲ ಅನ್ನುವುದೂ ಸೇರಿ. "ಪರಿಣಾಮ" ಅನ್ನುವ ಪದ ತೆಗೆದು "ಸಂಬಂಧ" ಅಂತ ಹಾಕಿ, ಶೀರ್ಷಿಕೆಯಲ್ಲೂ. ವಯಸ್ಸು, ಲಿಂಗ, ಮನೆಯ ಆದಾಯ ಕೇಳಿದ್ದರೆ ಎರಡು ಗುಂಪಿನಲ್ಲಿ ಅವು ಹೇಗಿವೆ ಅಂತ ಮೊದಲ ಟೇಬಲ್‌ನಲ್ಲೇ ತೋರಿಸಿ, ವಾಲಿಕೆ ಇದ್ದರೆ ಓದುವವರಿಗೆ ಕಾಣಲಿ. ಫಲಿತಾಂಶದ ವಾಕ್ಯ ಹೀಗಿರಲಿ: "ನಾವು ಕೇಳಿದ 120 ವಿದ್ಯಾರ್ಥಿಗಳಲ್ಲಿ, ರಾತ್ರಿ 11ರ ನಂತರ ಮೊಬೈಲ್ ಬಳಸುವವರ ಸರಾಸರಿ ನಿದ್ರೆ ಇಷ್ಟು ನಿಮಿಷ ಕಡಿಮೆ ಇತ್ತು, ವಿಶ್ವಾಸಾಂತರ ಇಷ್ಟರಿಂದ ಇಷ್ಟು. ಇವರು ಒಂದೇ ಕಾಲೇಜಿನವರು, ತಾವಾಗಿ ಒಪ್ಪಿ ಉತ್ತರಿಸಿದವರು. ನಿದ್ರೆ ಬಾರದವರು ಮೊಬೈಲ್ ಹಿಡಿಯುತ್ತಿರುವ ಸಾಧ್ಯತೆಯೂ ಇದೆ." ವೈವಾದಲ್ಲಿ ಕೇಳುವ ಮೊದಲ ಎರಡು ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಖಾಲಿ ಜಾಗಗಳಲ್ಲಿ ನಿಮ್ಮ ಸಂಖ್ಯೆ ತುಂಬಿ, ಇವತ್ತೇ ಗೈಡ್ ಹತ್ತಿರ ತೆಗೆದುಕೊಂಡು ಹೋಗಿ.